ಸೈದಪ್ಪನವರ ಸಾಲು ಕಾಲ್ಪನಿಕವಲ್ಲ

ಮಾನ್ಯ ಅಧಿಕಾರಿಗಳೇ,

ನಿಮ್ಮ ಹೊರನಾಡ ಕವಿಗೋಷ್ಠಿಯ ಸ್ಮರಣ ಸಂಚಿಕೆ ಅಂಚೆಯಲ್ಲಿ ಬಂತು. ಕಾಗದ ನುಣುಪಾಗಿದೆ. ಮುಖಪುಟ ಸೊಗಸಾಗಿದೆ. ನಿಮ್ಮ ಭಾವಚಿತ್ರವಂತೂ ಹಲವು ಕಡೆ, ಹಲವು ಭಂಗಿಗಳಲ್ಲಿ ಬಂದಿದೆ. ನನ್ನ ಮಗಳ ಕವಿತೆಯ ಕೊನೆಯ ಸಾಲು ಮಾತ್ರ ಬಂದಿಲ್ಲ. ಅದು ಇರಬೇಕಾದಲ್ಲಿ ಚುಕ್ಕಿಗಳನ್ನು ಇಡಿಸಿದ್ದೀರಿ. ಪುಟದ ತಳದಲ್ಲಿ, ಕನ್ನಡಕ ಹಾಕಿಕೊಂಡರೂ ಕಣ್ಣು ಕಿರಿದು ಮಾಡಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ, ಒಂದು ಟಿಪ್ಪಣಿ: "ಕವಯಿತ್ರಿಯೇ ಲಿಖಿತವಾಗಿ ಒಪ್ಪಿಕೊಂಡಿರುವಂತೆ, ಈ ಸಾಲಿನಲ್ಲಿ ಹೇಳಿದ ಘಟನೆ ಕಾಲ್ಪನಿಕವಾದ ಕಾರಣ ಕೈಬಿಡಲಾಗಿದೆ."

ಕಲ್ಪನೆ ಇದೆ ಎಂಬ ಕಾರಣಕ್ಕೆ ಕವಿತೆಯೊಂದರಿಂದ ಸಾಲು ಕಿತ್ತುಹಾಕಿದ್ದನ್ನು ನಾನು ನೋಡುತ್ತಿರುವುದು ಇದೇ ಮೊದಲು. ಈ ನಿಯಮವನ್ನು ಇಡೀ ಸಂಚಿಕೆಗೆ ಅನ್ವಯಿಸಿದ್ದರೆ ಏನು ಉಳಿಯುತ್ತಿತ್ತು ಮಾನ್ಯರೇ? ಹಿಂದಿನ ಪುಟದ ಕವಿ ಚಂದ್ರನನ್ನು ಕಿಸೆಯಲ್ಲಿ ಹಾಕಿಕೊಂಡು ಡೊಂಬಿವಿಲಿಯಲ್ಲಿ ಲೋಕಲ್ ರೈಲು ಹತ್ತಿದ್ದಾರೆ. ಅವರಿಂದ ಲಿಖಿತ ಒಪ್ಪಿಗೆ ಪಡೆದಿರಾ? ಮುಂದಿನ ಪುಟದ ಕವಿಯ ಕಣ್ಣೀರು ಸಮುದ್ರವಾಗಿ ತೀರದ ಊರುಗಳು ಮುಳುಗಿವೆ. ಯಾವ ಊರುಗಳೆಂದು ಜಿಲ್ಲಾಧಿಕಾರಿಗಳನ್ನು ವಿಚಾರಿಸಿದಿರಾ? ಇಲ್ಲ. ಅಂದರೆ ನಿಮ್ಮ ಜಗಳ ಕಲ್ಪನೆಯ ಜೊತೆ ಅಲ್ಲ. ಆ ಒಂದು ಸಾಲು ನಿಜವೆಂಬ ಅನುಮಾನ ನಿಮಗಿತ್ತು. ಅದಕ್ಕೇ ಅದನ್ನು ಕಾಲ್ಪನಿಕ ಎಂದು ಬರೆಸಬೇಕಾಯಿತು.

ಇದು ನನ್ನ ದೂರು. ನಿಮ್ಮ ಟಿಪ್ಪಣಿ ಓದಿದ ಇಲ್ಲಿನ ಕನ್ನಡ ಸಂಘದ ಕೆಲವರು ನನ್ನ ಮಗಳನ್ನು ಸುಳ್ಳುಗಾತಿ ಎಂದುಕೊಂಡಿದ್ದಾರೆ. ಅವಳು ಒಂದು ಸುಳ್ಳು ಹೇಳಿದ್ದು ಹೌದು. ಆದರೆ ಅದನ್ನು ಹೇಳಿದ್ದು ಕವಿತೆಯಲ್ಲಿ ಅಲ್ಲ. ಎಲ್ಲಿ, ಯಾರಿಗಾಗಿ ಹೇಳಿದಳೆಂಬುದನ್ನು ಎಲ್ಲರೂ ಓದುವಂತೆ ಈ ಬಹಿರಂಗ ಪತ್ರದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಗೆ ಖಾಸಗಿಯಾಗಿ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಬಹುಶಃ ಅವೂ ಕಾಲ್ಪನಿಕವಾಗಿದ್ದವು.

ನಾನು ಠಾಣೆಯ ವರ್ತಕ ನಗರದವಳು. ಕಾರ್ಕಳದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು, ಒಂದು ಸಹಕಾರಿ ಪತ್ತಿನ ಸಂಘದಲ್ಲಿ ಗುಮಾಸ್ತೆ. ಗಂಡ ಯಜ್ಞೇಶ್ವರ ಸ್ಟೇಷನ್ ಬಳಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ನಮ್ಮ ಮನೆಮಾತು ತುಳು. ಕನ್ನಡವನ್ನು ನಾವಿಬ್ಬರೂ ಊರಿನ ಶಾಲೆಯಲ್ಲಿ, ಬೆತ್ತದ ಭಯದಲ್ಲಿ ಕಲಿತು ಆಮೇಲೆ ಪ್ರೀತಿಸಿದವರು. ಮಗಳು ಮಾನಸಿಗೆ ಆ ಶಾಲೆ ಸಿಗಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ, ಸಿಟ್ಟು ಬಂದರೆ ಮರಾಠಿಯಲ್ಲಿ. "ಹೊರನಾಡ ಮಕ್ಕಳ ನಾಲಗೆಯಿಂದ ಜಾರುತ್ತಿರುವ ಕನ್ನಡ" ಎಂದು ನಿಮ್ಮ ಕಚೇರಿ ಆಗಾಗ ವಿಚಾರ ಸಂಕಿರಣ ಏರ್ಪಡಿಸುತ್ತದಲ್ಲ, ಅದರಲ್ಲಿ ನೀವೆಲ್ಲ ನಿಟ್ಟುಸಿರು ಬಿಡುವುದು ಇಂಥವರ ಬಗ್ಗೆಯೇ.

ಇಂಥವಳಿಗೆ ಕನ್ನಡ ಬಂತು. ನಿಮ್ಮ ಸಂಕಿರಣದಿಂದಲ್ಲ, ಕ್ಷಮಿಸಿ, ನನ್ನಿಂದಲೂ ಅಲ್ಲ.

ಫಿಸಿಯೋಥೆರಪಿ ಓದಿದ ಮೇಲೆ ಮಾನಸಿ ಕಲ್ಯಾಣದ ಕಡೆಯ ಒಂದು ಸರಕಾರಿ ಆಸ್ಪತ್ರೆಗೆ ಗುತ್ತಿಗೆಯ ಮೇಲೆ ಸೇರಿದಳು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ನಿಮಗೆ ಗೊತ್ತಿದೆ. ಮೂಳೆ ವಿಭಾಗದಲ್ಲಿ ಕಟ್ಟಡದಿಂದ ಬಿದ್ದವರು, ಮೂಟೆಯ ಕೆಳಗೆ ಸಿಕ್ಕವರು, ಯಂತ್ರಕ್ಕೆ ಕೈ ಕೊಟ್ಟವರು. ಅವರಲ್ಲಿ ಎಷ್ಟೋ ಜನ ಕಲಬುರಗಿ, ವಿಜಯಪುರ, ರಾಯಚೂರಿನಿಂದ ಕೂಲಿಗೆ ಬಂದವರು. ಒಂದು ದಿನ ನರ್ಸ್ ಇವಳನ್ನು ಕೂಗಿದಳಂತೆ: "ಏ ಮಾನಸಿ, ತೂ ಕನ್ನಡಾ ಹೈ ನಾ? ಜರಾ ಇಧರ್ ಆ, ಯೇ ಆಜಿ ಕ್ಯಾ ಬೋಲ್ ರಹೀ ಹೈ?" ನೀನು ಕನ್ನಡದವಳಲ್ಲವೇ, ಬಾ, ಈ ಅಜ್ಜಿ ಏನು ಹೇಳುತ್ತಿದ್ದಾಳೆ ನೋಡು ಎಂದು. ಭುಜ ಸರಿದಿದ್ದ ರಾಯಚೂರಿನ ಆ ಅಜ್ಜಿಗೆ ಇವಳು ತನ್ನ ಹರುಕುಮುರುಕು ಕನ್ನಡದಲ್ಲಿ ಕೈ ಮೇಲೆತ್ತಲು ಹೇಳಿದಳು. ಅಜ್ಜಿ ಇವಳ ಮುಖ ನೋಡಿ, "ಕೈ ಎತ್ತು ಅಂತೀಯಲ್ಲವ್ವ, ಇದು ಹುಟ್ಟಿದಾಗಿಂದ ಎತ್ತೂದು ಬಿಟ್ಟು ಬ್ಯಾರೆ ಏನ್ ಮಾಡ್ಯದ?" ಎಂದಳು.

ಆ ಮಾತು ಮಾನಸಿಯ ಜೊತೆ ಮನೆಗೆ ಬಂತು. ಊಟ ಮಾಡುವಾಗ ಮತ್ತೆ ಮತ್ತೆ ಹೇಳಿದಳು, ನನ್ನಿಂದ ಅರ್ಥ ಬಿಡಿಸಿಕೊಂಡಳು, ಫೋನಿನಲ್ಲಿ ಬರೆದಿಟ್ಟಳು. ಕನ್ನಡ ಅಕ್ಷರ ಬಾರದ್ದಕ್ಕೆ ದೇವನಾಗರಿಯಲ್ಲಿ. ಆಮೇಲೆ ಇನ್ನೊಬ್ಬರ ಮಾತು, ಮತ್ತೊಬ್ಬರ ಮಾತು. ಕೆಲವು ತಿಂಗಳಲ್ಲಿ ನನ್ನ ಮಗಳು ಕನ್ನಡ ಆಡತೊಡಗಿದಳು, ಪೂರ್ತಿ ರೋಗಿಗಳಿಂದ ಕಲಿತ ಕನ್ನಡ. ಒಂದು ಸಂಜೆ ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ "ಅಮ್ಮಾ, ಭಾಳ ಹಸಿವಾಗ್ಲತ್ತದ" ಎಂದಾಗ ಯಜ್ಞೇಶ್ವರರು ನಗು ತಡೆಯಲಾರದೆ, "ಇವಳು ಕಾರ್ಕಳದ ಮೊಮ್ಮಗಳೋ ಕಲಬುರಗಿಯ ಸೊಸೆಯೋ ಮಾರಾಯ್ತಿ!" ಎಂದರು. ನಾನೂ ನಕ್ಕೆ. ನಕ್ಕು ಒಳಗೆ ಹೋಗಿ ಸ್ವಲ್ಪ ಹೊತ್ತು ಸಿಂಕಿನ ನಲ್ಲಿ ಬಿಟ್ಟುಕೊಂಡು ನಿಂತೆ. ನನ್ನ ಹುಡುಗಿ ನನ್ನನ್ನು ಕನ್ನಡದಲ್ಲಿ ಊಟ ಕೇಳಿದ್ದಳು.

ಹೀಗೆ ಸೇರಿದ ಮಾತುಗಳನ್ನು ಅವಳು ಒಂದರ ಕೆಳಗೊಂದು ಇಟ್ಟು ಕವಿತೆ ಕಟ್ಟಿದಳು. ತನ್ನದೊಂದು ಪದ ಸೇರಿಸಲಿಲ್ಲ. ನಾನು ಹಳೆಯ ಕಾಲದವಳು, "ಇದರಲ್ಲಿ ನಿನ್ನದು ಏನಿದೆ ಮಗಾ?" ಎಂದು ಕೇಳಿದೆ.

"ಜೋಡ್ಸಿದ್ದು ನಂದು ಅಮ್ಮ. ಮಾತೆಲ್ಲ ಅವರ್ದು."

"ಹಾಗಾದರೆ ನಿನ್ನ ಹೆಸರು ಹ್ಯಾಗೆ ಹಾಕುವುದು?"

"ಅವ್ರಿಗಿ ಕೇಳಿ ಹಾಕೀನಿ. ಪ್ರತಿಯೊಬ್ರಿಗೂ ಕೇಳೀನಿ, ಈ ಮಾತು ನಾ ಬರ್ಕೊಳ್ಲಾ ಅಂತ. ಬ್ಯಾಡ ಅಂದವ್ರದು ಬಿಟ್ಟೀನಿ."

ಅದು ಅವಳ ನಿಯಮ. ಕೇಳದೆ ಯಾರ ಮಾತನ್ನೂ ಮುಟ್ಟುತ್ತಿರಲಿಲ್ಲ. ಒಬ್ಬ ಹೆಂಗಸಿನ ಮಾತು ಅವಳಿಗೆ ಬಹಳ ಇಷ್ಟವಾಗಿತ್ತು. ಆಕೆ "ನಮ್ಮ ಮಂದಿ ಕೇಳಿದ್ರ ಬೈತಾರ" ಎಂದದ್ದಕ್ಕೆ ಅಳಿಸಿಹಾಕಿದಳು. ಈ ಶಿಸ್ತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ ಮಾನ್ಯರೇ, ನಿಮ್ಮ ಸ್ವಾಗತ ಭಾಷಣದ ವಿಷಯ ಮುಂದೆ ಬರಲಿದೆ.

ಈಗ ಸೈದಪ್ಪನವರು. ಜೇವರ್ಗಿ ಕಡೆಯವರು. ಭಿವಂಡಿ ರಸ್ತೆಯ ಗೋದಾಮೊಂದರಲ್ಲಿ ಮೂಟೆ ಹೊರುತ್ತಿದ್ದರು. ಹೆಂಡತಿ ಚಂದವ್ವ ಕಟ್ಟಡದ ಕೆಲಸಕ್ಕೆ ಹೋಗುವವರು. ಮೂಟೆಗಳ ಅಟ್ಟಿ ಕುಸಿದು ಸೈದಪ್ಪನವರ ತೊಡೆಯ ಮೂಳೆ ಮುರಿಯಿತು. ಆಪರೇಷನ್ ಮಾಡಿ ಒಳಗೆ ರಾಡ್ ಹಾಕಿದರು. ಮೂಳೆ ಪೂರ್ತಿ ಕೂಡಿದ ಮೇಲೆ ಇನ್ನೊಂದು ಆಪರೇಷನ್ ಮಾಡಿ ರಾಡ್ ತೆಗೆಯಬೇಕು ಎಂದಿದ್ದರು. ಅವರನ್ನು ಮತ್ತೆ ನಡೆಯುವಂತೆ ಮಾಡುವ ಕೆಲಸ ಮಾನಸಿಯದಾಗಿತ್ತು.

ಆ ಸಮಯದಲ್ಲಿ ಆಸ್ಪತ್ರೆಗೆ ಗಣ್ಯರ ಭೇಟಿ ನಿಗದಿಯಾಯಿತು. ಹೊಸ ಪರದೆ ಬಂತು, ಹೊಸ ಚಾದರ ಬಂತು, ಕಿಟಕಿಗಳಿಗೆ ಪ್ಲಾಸ್ಟಿಕ್ ಹೂವು ಬಂತು. ಇಷ್ಟೆಲ್ಲ ಬಂದ ಮೇಲೆ ವಾರ್ಡಿನ ಅಂದ ಕೆಡಿಸುವಂಥದ್ದು ಎಂದರೆ ರೋಗಿಗಳೇ. ಬಾಗಿಲ ಹತ್ತಿರದ ಕೆಲವರನ್ನು ಚಾದರದ ಸಮೇತ ಎತ್ತಿ ಎಕ್ಸ್‌ರೇ ಕೋಣೆಯ ಹಿಂದಿನ ಓಣಿಯಲ್ಲಿ, ನೆಲದ ಮೇಲೆ ಗಾದಿ ಹಾಕಿ ಮಲಗಿಸಿದರು. ಅವರಲ್ಲಿ ಸೈದಪ್ಪನವರೂ ಒಬ್ಬರು. ಎತ್ತುವಾಗ ಕಾಲು ತಿರುಚಿ ಅವರು ಕಿರುಚಿಕೊಂಡದ್ದನ್ನು ಪಕ್ಕದವರು ಆಮೇಲೆ ಮಾನಸಿಗೆ ಹೇಳಿದರು. ಗಣ್ಯರು ಬಂದು ಹೋದರೂ ಇವರನ್ನು ಮರಳಿ ಮಂಚಕ್ಕೆ ತರುವುದು ಯಾರಿಗೂ ನೆನಪಾಗಲಿಲ್ಲ. ಮರುದಿನ ಬೆಳಿಗ್ಗೆ ವ್ಯಾಯಾಮ ಮಾಡಿಸಲು ಹೋದ ಮಾನಸಿ ಖಾಲಿ ಮಂಚ ನೋಡಿ ಹೆದರಿ, ಹುಡುಕಿಕೊಂಡು ಓಣಿಗೆ ಬಂದಳು. ಅಷ್ಟರಲ್ಲಿ ಯಾರದೋ ಕೈಯಲ್ಲಿ ಆ ದಿನದ ಪೇಪರು. ಅದರಲ್ಲಿ ಒಬ್ಬ ಮುಖಂಡರು ಹೊಸ ಚಾದರ ಹಾಸಿದ ಮಂಚದ ದಿಂಬು ಸವರುತ್ತಿರುವ ಫೋಟೊ. ಮಂಚ ಸೈದಪ್ಪನವರದು.

ಅವರು ಫೋಟೊ ನೋಡಿದರು, ಮಾನಸಿಯ ಹೆಗಲು ಹಿಡಿದು ಎದ್ದು ಕೂತರು, "ಸಾಹೇಬ್ರು ಬರ್ತಾರಂತ ನನಗ ಕೆಳಗ ಇಳಿಸಿದ್ರು, ನನ್ನ ಹಾಸಗಿದು ಫೋಟೊ ಬಂತು" ಎಂದರು.

ಸಿಟ್ಟಿನಿಂದ ಹೇಳಲಿಲ್ಲವಂತೆ. ನಡೆದದ್ದನ್ನು ನಡೆದ ಹಾಗೆ ಹೇಳಿದರಂತೆ. ಇವಳು ಎಂದಿನಂತೆ ಕೇಳಿದಳು, ಬರ್ಕೊಳ್ಲಾ ಅಂತ.

"ಬರಕೋರಿ ಮೇಡಂ. ಹಾಸಗಿದು ಫೋಟೊ ಬಂದದ, ನನ್ನ ಮಾತಾದ್ರೂ ಎಲ್ಲ್ಯಾರ ಬರ್ಲಿ."

ನಿಮ್ಮ ಗೋಷ್ಠಿಗೆ ಆಹ್ವಾನ ಕಂಡಾಗ ಕವಿತೆಯನ್ನು ದೇವನಾಗರಿಯಿಂದ ಕನ್ನಡ ಅಕ್ಷರಕ್ಕೆ ಇಳಿಸಿ ಕಳುಹಿಸಿದವಳು ನಾನೇ. ಜೊತೆಗೆ, ಇವು ರೋಗಿಗಳಿಂದ ಎರವಲು ಪಡೆದ ಸಾಲುಗಳು ಎಂದೂ ಸ್ಪಷ್ಟವಾಗಿ ಬರೆದಿದ್ದೆ. ಆಯ್ಕೆಯಾಯಿತು. ಕೆಲವು ದಿನಗಳ ಮೇಲೆ ನೀವೇ ಫೋನ್ ಮಾಡಿದಿರಿ. ಫೋನ್ ಸ್ಪೀಕರ್‌ನಲ್ಲಿತ್ತು, ಆದ್ದರಿಂದ ನೀವು ಆಡಿದ್ದನ್ನು ನಾನು ಎರವಲು ಪಡೆಯುತ್ತಿದ್ದೇನೆ.

"ನೋಡಮ್ಮಾ, ಕವಿತೆ ತುಂಬಾ ಚೆನ್ನಾಗಿದೆ. ಆ ಲಾಸ್ಟ್ ಲೈನ್ ಒಂದು ತೆಗೆದುಬಿಡಿ. ಕಾವ್ಯದಲ್ಲಿ ರಾಜಕೀಯ ಯಾಕೆ? ಕೊನೇಲಿ ಒಂದು ಭರವಸೆ ಇರ್ಲಿ. ಸೂರ್ಯೋದಯ, ಹಕ್ಕಿ, ಏನಾದ್ರೂ."

"ಸರ್, ಅದು ನಂದಲ್ಲ. ಅವ್ರಿಗಿ ಕೇಳ್ಬೇಕು."

"ಯಾರಿಗೆ?"

"ಹೇಳಿದವ್ರಿಗಿ."

ನೀವು ನಕ್ಕಿರಿ. "ಕೇಳಿ ಕೇಳಿ" ಎಂದು ಫೋನ್ ಇಟ್ಟಿರಿ. ಅವಳು ನಿಜವಾಗಿ ಕೇಳಿದಳು. ಸೈದಪ್ಪನವರು ಆಗ ಕೋಲೂರಿ ನಡೆಯಲು ಶುರು ಮಾಡಿ, ತಪಾಸಣೆಗೆ ಮಾತ್ರ ಆಸ್ಪತ್ರೆಗೆ ಬರುತ್ತಿದ್ದರು. ಪಕ್ಕದಲ್ಲಿದ್ದ ಚಂದವ್ವ, "ತಗದು ಬಿಡ್ರಿ ಮೇಡಂ, ಇನ್ನ ಆಪ್ರೇಶನ್ ಆಗೂದು ಅದ, ದೊಡ್ಡೋರ ಉಸಾಬರಿ ನಮಗ್ಯಾಕ" ಎಂದರು. ಸೈದಪ್ಪನವರು ಬಹಳ ಹೊತ್ತು ಯೋಚಿಸಿ, "ಇರ್ಲಿ ಬಿಡ್ರಿ. ಉಳಿದಿದ್ದೆಲ್ಲ ಬ್ಯಾರೆದವ್ರು ಹೇಳ್ಯಾರ. ನಾ ಹೇಳಿದ್ದು ಅದೊಂದೇ ಅದ" ಎಂದರು. ಹೆಸರು ಮಾತ್ರ ಎಲ್ಲೂ ಬರಬಾರದೆಂದು ಚಂದವ್ವ ಮಾತು ತೆಗೆದುಕೊಂಡರು. ಮಾನಸಿ ಮಾತು ಕೊಟ್ಟಳು.

ಸಾನಪಾಡಾದ ಆ ಸಭಾಗೃಹ ನಿಮಗೆ ನೆನಪಿರಬಹುದು. ನೀವು ಸ್ವಾಗತ ಕೋರಿದಿರಿ. ಅರ್ಧ ಗಂಟೆ ಮಾತಾಡಿದ ನೀವು ಒಂದೇ ಒಂದು ವಾಕ್ಯವನ್ನೂ ಸ್ವಂತದ್ದಾಗಿ ಆಡಲಿಲ್ಲ. ಈ ಕವಿಯ ಅರ್ಧ ಸಾಲು, ಆ ಕವಿಯ ಕಾಲು ಸಾಲು, ಎಲ್ಲೋ ಕೇಳಿದ ಭಾವಗೀತೆಯ ಒಂದು ತುಣುಕು, ಯಾರ ಹೆಸರೂ ಇಲ್ಲದೆ ಹರಿದು ಬಂದವು. ಚಪ್ಪಾಳೆಯೂ ಬಂತು. ನನಗೆ ತಕರಾರಿಲ್ಲ. ಹಿರಿಯರ ಮಾತನ್ನು ಕಿರಿಯರು ಮತ್ತೆ ಆಡುವುದರಿಂದಲೇ ಭಾಷೆ ಬದುಕುವುದು. ಆದರೆ ನೀವು ಕೇಳದೆ ತೆಗೆದುಕೊಂಡರೆ ಅದು ವಿದ್ವತ್ತು, ನನ್ನ ಮಗಳು ಕೇಳಿ ತೆಗೆದುಕೊಂಡರೆ ಅದು ಕಳವು ಎಂಬ ಲೆಕ್ಕ ಮಾತ್ರ ನನಗೆ ಇವತ್ತಿಗೂ ತಿಳಿಯಲಿಲ್ಲ. ಕವಿಗಳ ಸಾಲಿಗೆ ಇರದ ಒಡೆತನ ಕೂಲಿಯವನ ಸಾಲಿಗೆ ಎಲ್ಲಿಂದ ಬಂತು? ಅಥವಾ ಕೂಲಿಯವನು ಆಡಿದ್ದು ಸಾಲೇ ಅಲ್ಲವೇ?

ಮುಖ್ಯ ಅತಿಥಿಗಳಾಗಿ ನೀವು ಕರೆಸಿದ್ದು ಯಾರನ್ನು ಎಂದು ನಮಗೆ ಅಲ್ಲಿ ಹೋದ ಮೇಲೇ ತಿಳಿದದ್ದು. ಪೇಪರಿನಲ್ಲಿ ದಿಂಬು ಸವರುತ್ತಿದ್ದ ಅದೇ ಮುಖಂಡರು. ರಾಜಕೀಯ ಬೇಡ ಎಂದಿದ್ದ ನೀವೇ ವೇದಿಕೆಯ ನಟ್ಟನಡುವೆ, ಎಲ್ಲರಿಗಿಂತ ಎತ್ತರದ ಕುರ್ಚಿಯಲ್ಲಿ ಅದನ್ನು ಕೂರಿಸಿ ಶಾಲು ಹೊದಿಸಿದ್ದಿರಿ. ಮಾನಸಿ ನನ್ನ ಕೈ ಹಿಡಿದುಕೊಂಡಳು. "ಬೇಡವಾದರೆ ಆ ಸಾಲು ಬಿಡು ಮಗಾ" ಎಂದೆ. "ಅವ್ರು ಇರ್ಲಿ ಅಂದಾರ ಅಮ್ಮ" ಎಂದಳು. ಹೋಗಿ ಓದಿದಳು. ಅಂದು ಓದಿದ್ದು ಇದು, ನಿಮ್ಮ ಸಂಚಿಕೆಯಲ್ಲಿ ಇಲ್ಲದ ಹಾಗೆ, ಪೂರ್ತಿಯಾಗಿ:

ಕೈ ಎತ್ತು ಅಂತೀಯಲ್ಲವ್ವ,
ಇದು ಹುಟ್ಟಿದಾಗಿಂದ ಎತ್ತೂದು ಬಿಟ್ಟು ಬ್ಯಾರೆ ಏನ್ ಮಾಡ್ಯದ?
ಬಿದ್ದಾಗ ನೋವಾಗ್ಲಿಲ್ಲ, ಎಲ್ಲಾರೂ ನಿಂತು ನೋಡ್ಲತ್ತಾಗ ಆತು.
ಮನ್ಯಾಗ ಹೇಳಬ್ಯಾಡ್ರಿ,
ಫೋನಿನ್ಯಾಗ ನಾ ಇನ್ನಾ ನಿಂತೇ ಮಾತಾಡ್ತೀನಿ.
ಅಳ್ಲತ್ತಿದ್ದು ಸೂಜಿಗಲ್ಲ,
ನೀವು ಕನ್ನಡ ಮಾತಾಡಿದ್ರಲ್ಲ, ಅದಕ್ಕ.
ಸಾಹೇಬ್ರು ಬರ್ತಾರಂತ ನನಗ ಕೆಳಗ ಇಳಿಸಿದ್ರು,
ನನ್ನ ಹಾಸಗಿದು ಫೋಟೊ ಬಂತು.

ಸಭೆಯ ಹಿಂದಿನಿಂದ ಚಪ್ಪಾಳೆ ಶುರುವಾಯಿತು. ಮುಖ್ಯ ಅತಿಥಿಗಳಿಗೆ ಕನ್ನಡ ಬಾರದು. ಎಲ್ಲರೂ ತಟ್ಟುತ್ತಿದ್ದಾರೆಂದು ಅವರೂ ಸಂತೋಷದಿಂದ ಚಪ್ಪಾಳೆ ತಟ್ಟಿದರು, "ವಾ ವಾ, ಛಾನ್" ಎಂದರು. ಅವರಿಗೆ ನೋವಾಗಿರಲಿಲ್ಲ ಮಾನ್ಯರೇ. ಹೆದರಿದವರು ನೀವು. ಎದ್ದು ಮೈಕು ಹಿಡಿದು, "ಇದು ಕವಿತೆಯಲ್ಲ. ಅವರಿವರ ಮಾತು ಎರವಲು ತಂದು ಜೋಡಿಸಿದ ಸಂತೆ. ಸ್ವಂತದ್ದೊಂದು ಸಾಲು ಬರೆಯಲಾಗದವರು ಸರಸ್ವತಿಯ ವೇದಿಕೆಯನ್ನು ರಾಜಕೀಯಕ್ಕೆ ಬಳಸಬಾರದು" ಎಂದಿರಿ. ಅವಳು ಇನ್ನೂ ಮೆಟ್ಟಿಲು ಇಳಿಯುತ್ತಿದ್ದಳು.

ರಾಜಕೀಯ ಎಂದರೆ ಏನೆಂದುಕೊಂಡಿದ್ದೀರಿ? ಸೈದಪ್ಪನವರು ಯಾವ ಮೋರ್ಚಾಕ್ಕೂ ಹೋದವರಲ್ಲ. ಅವರ ಮತ ಊರಲ್ಲಿದೆ, ಬದುಕು ಇಲ್ಲಿದೆ. ಇಲ್ಲಿ ಅವರನ್ನು ಮತ ಕೇಳುವವರೂ ಇಲ್ಲ. ಮುರಿದ ಕಾಲಿನೊಂದಿಗೆ ಮಂಚದ ಮೇಲೆ ಸುಮ್ಮನೆ ಮಲಗಿದ್ದರು. ರಾಜಕೀಯ ತಾನಾಗಿ ಅವರಿದ್ದಲ್ಲಿಗೆ ನಡೆದು ಬಂತು, ಅವರನ್ನು ನೆಲಕ್ಕಿಳಿಸಿತು, ಫೋಟೊ ತೆಗೆಸಿಕೊಂಡು ಹೋಯಿತು. ಆಗ ಅದು ಯಾರಿಗೂ ರಾಜಕೀಯವಾಗಿ ಕಾಣಲಿಲ್ಲ. ಇಳಿಸಿದವರದ್ದು ಕರ್ತವ್ಯ, ಫೋಟೊದವರದ್ದು ಸುದ್ದಿ. ನೆಲದ ಮೇಲಿದ್ದವನು ಅದನ್ನು ಬಾಯಿಬಿಟ್ಟು ಹೇಳಿದಾಗ ಮಾತ್ರ ರಾಜಕೀಯವಾಯಿತೇ? ಹಕ್ಕಿ, ಸೂರ್ಯೋದಯಗಳನ್ನು ಹಾಕಿ ಆ ಓಣಿಯನ್ನು ಮುಚ್ಚುವುದು ಯಾವ ಪಕ್ಷದ ಕೆಲಸ?

ವಿಷಯ ಗೋಷ್ಠಿಯಲ್ಲೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅವಮಾನವನ್ನು ಮನೆಗೆ ತಂದು, ಎರಡು ದಿನ ಅತ್ತು, ಮರೆಯುತ್ತಿದ್ದೆವು. ಆದರೆ ನೀವು ಕಚೇರಿಗೆ ಮರಳಿ ಆಸ್ಪತ್ರೆಗೆ ಪತ್ರ ಬರೆದಿರಿ. ಕವಿತೆಯ ಪ್ರತಿ ಲಗತ್ತಿಸಿ, "ಸದರಿ ಸಾಲಿನಲ್ಲಿ ಹೇಳಿರುವ ಘಟನೆಯ ಸತ್ಯಾಸತ್ಯತೆಯನ್ನೂ, ಹೇಳಿಕೆ ನೀಡಿದ ರೋಗಿಯ ವಿವರವನ್ನೂ ತಿಳಿಸಬೇಕಾಗಿ" ಕೋರಿದಿರಿ. ಒಂದು ಕವಿತೆಯನ್ನು ಇಷ್ಟು ಗಂಭೀರವಾಗಿ ಓದಿದ ಸರಕಾರಿ ಕಚೇರಿ ಇನ್ನೊಂದಿರಲಾರದು. ನಿಮ್ಮ ಪತ್ರದಿಂದ ಯಾರಿಗೆ ಏನಾಗಬಹುದೆಂದು ಒಮ್ಮೆಯಾದರೂ ಯೋಚಿಸಿದ್ದಿರಾ?

ಆಸ್ಪತ್ರೆಯ ಮುಖ್ಯಸ್ಥರು ಮಾನಸಿಯನ್ನು ಕರೆಸಿದರು. ಅಂದು ಅಲ್ಲಿ ನಡೆದದ್ದನ್ನು ಅವಳು ಮನೆಗೆ ಬಂದು ಹೇಳಿದ ಹಾಗೆ ಬರೆಯುತ್ತೇನೆ. ಮೇಜಿನ ಮೇಲೆ ನಿಮ್ಮ ಪತ್ರ, ಅದರ ಮರಾಠಿ ಅನುವಾದ. ಅವರು ಸಿಟ್ಟಿನ ಮನುಷ್ಯರೇನಲ್ಲ. ಮೆಲ್ಲಗೇ ಕೇಳಿದರಂತೆ: "ಹೇ ಕೋಣ್ ಬೋಲ್ಲಂ? ಪೇಶಂಟ್‌ಚಂ ನಾವ್ ಸಾಂಗ್." ಇದನ್ನು ಹೇಳಿದ್ದು ಯಾರು, ರೋಗಿಯ ಹೆಸರು ಹೇಳು. ಹೆಸರು ಹೇಳಿದರೆ ನಿನಗೇನೂ ಆಗುವುದಿಲ್ಲ ಎಂದೂ ಸೇರಿಸಿದರಂತೆ.

ಸೈದಪ್ಪನವರ ಎರಡನೆಯ ಆಪರೇಷನ್ನಿಗೆ ಅದೇ ವಾರ ದಿನ ಗೊತ್ತಾಗಿತ್ತು. ಅದೇ ಆಸ್ಪತ್ರೆಯಲ್ಲಿ.

ಮಾನಸಿ ಹೇಳಿದಳು: "ಕೋಣೀ ನಾಹೀ ಸರ್. ಮೀಚ್ ಲಿಹಿಲೀ. ಓಳ್ ಮಾಝೀ ಆಹೇ." ಯಾರೂ ಅಲ್ಲ, ನಾನೇ ಬರೆದದ್ದು, ಸಾಲು ನನ್ನದು. ಅದನ್ನೇ ಬರೆದುಕೊಡಲು ಹೇಳಿದರು. ಬರೆದುಕೊಟ್ಟಳು.

ಅವಳು ಹೇಳಿದ ಒಂದೇ ಸುಳ್ಳು ಇದು. ಅಲ್ಲಿಯವರೆಗೆ ಎಲ್ಲರಿಗೂ, ಪ್ರತಿಯೊಂದು ಸಾಲೂ ಎರವಲು ಎಂದು ಹೇಳುತ್ತಾ ಬಂದಿದ್ದ ಹುಡುಗಿ, ಒಬ್ಬ ಮನುಷ್ಯನ ಕಾಲಿಗಾಗಿ, ಅವನ ಸಾಲನ್ನು ತನ್ನದೆಂದಳು. ಆ ಕಾಗದ ನಿಮಗೆ ತಲುಪಿತು. ನಿಮ್ಮ ವೇದಿಕೆಯ ಮೇಲೆ ಇದು ಅವಳ ಸ್ವಂತದ್ದಲ್ಲ, ಆದ್ದರಿಂದ ಕವಿತೆಯಲ್ಲ ಎಂದಿದ್ದಿರಿ. ಈಗ ಇದು ಅವಳ ಸ್ವಂತದ್ದು, ಆದ್ದರಿಂದ ನಿಜವಲ್ಲ ಎಂದಿರಿ. ಈ ಎರಡರ ನಡುವೆ ಒಂದು ಸಾಲಿಗೆ ಉಸಿರಾಡಲು ಎಲ್ಲಿ ಜಾಗ ಉಳಿಸಿದಿರಿ?

ಗುತ್ತಿಗೆ ಮುಗಿದಾಗ ಆಸ್ಪತ್ರೆಯವರು ಅವಳದನ್ನು ಮುಂದುವರಿಸಲಿಲ್ಲ. ಕಾರಣ ಕೊಡಲಿಲ್ಲ. ಯಜ್ಞೇಶ್ವರರು ರಾತ್ರಿ ಊಟಕ್ಕೆ ಕೂತು, "ನಮಗೆ ಎಂತಕ್ಕೆ ಬೇಕಿತ್ತು ಈ ಕವಿತೆ" ಎಂದು ತುಳುವಿನಲ್ಲಿ ಗೊಣಗಿದರು. ಆಮೇಲೆ ಅವಳ ತಟ್ಟೆಗೆ ತಾವೇ ಅನ್ನ ಬಡಿಸಿದರು. ಸೈದಪ್ಪನವರ ಆಪರೇಷನ್ ಸರಿಯಾಗಿ ಆಯಿತು. ನಮಗೆ ಅಷ್ಟು ಸಾಕಿತ್ತು.

ಸಂಚಿಕೆ ಹೊರಬಂದ ಮೇಲೆ ಒಂದು ಭಾನುವಾರ ಸೈದಪ್ಪನವರೂ ಚಂದವ್ವನೂ ನಮ್ಮ ಮನೆಗೆ ಬಂದರು. ಅವರ ಜೋಪಡಿ ವಸ್ತಿಯಲ್ಲಿ ಪಿಯುಸಿ ಓದಿದ ಹೆಣ್ಣುಮಗಳು ಯಾರೋ ಸಂಚಿಕೆಯ ಟಿಪ್ಪಣಿ ಓದಿ ಹೇಳಿದ್ದಳಂತೆ. ಸೈದಪ್ಪನವರು ಕೋಲಿಲ್ಲದೆ ನಡೆಯುತ್ತಿದ್ದರು, ಸ್ವಲ್ಪ ಕುಂಟು ಅಷ್ಟೆ. ಮಾನಸಿ ಅವರ ನಡಿಗೆಯನ್ನೇ ನೋಡಿ ಮುಖ ಅರಳಿಸಿದಳು. ಅವರು ನಗಲಿಲ್ಲ. ಚಹಾ ಮುಟ್ಟಲಿಲ್ಲ.

"ಮೇಡಂ, ನನ್ನ ಮಾತು ನಿಮ್ದು ಅಂತ ಬರದು ಕೊಟ್ರಂತಲ್ಲ, ಖರೆ ಏನು?"

ಮಾನಸಿ ಹೌದೆಂದು ತಲೆಯಾಡಿಸಿದಳು. ಚಂದವ್ವ ನಡುವೆ ಬಂದರು: "ನಿನ್ನ ಕಾಲ ಉಳಿಸ್ಲಕ್ಕ ಹಂಗ ಹೇಳ್ಯಾಳ ಆ ಹುಡುಗಿ. ನೌಕರಿ ಕಳಕೊಂಡಾಳ. ಅಕ್ಕಾರ, ಮನಸ್ಸಿಗಿ ಹಚ್ಕೋಬ್ಯಾಡ್ರಿ, ಇವ ಹಿಂಗೇ."

"ಕಾಲ ಉಳೀತು, ಇಲ್ಲ ಅನ್ನಲ್ಲ. ಮಾತು ಹೋತಲ್ಲ ಚಂದವ್ವ" ಎಂದರು ಸೈದಪ್ಪನವರು. ಆಮೇಲೆ ಮಾನಸಿಯ ಕಡೆ ತಿರುಗಿ, "ನಿಮ್ದು ಅಂದ್ರೂ ಚಿಂತಿಲ್ಲ ಮೇಡಂ. ಆದ್ರ ಸುಳ್ಳು ಅಂತ ಅಚ್ಚು ಹಾಕ್ಯಾರಲ್ಲ. ನನಗ ಇಳಿಸಿಲ್ಲ ಅಂಧಂಗ ಆತು. ನಾ ಆ ನೆಲದ ಮ್ಯಾಲ ಮಲಗಿಲ್ಲ ಅಂಧಂಗ ಆತು. ಹಾಸಗಿದು ಫೋಟೊ ಅದ. ನಾ ಎಲ್ಲೂ ಇಲ್ಲ."

"ನಿಮಗ ಕೇಳ್ಬೇಕಿತ್ತು. ಅವತ್ತು ಕೇಳ್ಲಿಕ್ಕಿ ಆಗ್ಲಿಲ್ಲ" ಎಂದು ಮಾನಸಿ ಅಳತೊಡಗಿದಳು. ಸೈದಪ್ಪನವರು ಗಾಬರಿಯಾದರು. ಎದ್ದು, ಏನು ಮಾಡಬೇಕೆಂದು ತಿಳಿಯದೆ, ಆಸ್ಪತ್ರೆಯಲ್ಲಿ ಅವಳು ಅವರಿಗೆ ಹೇಳುತ್ತಿದ್ದ ಹಾಗೆಯೇ, "ಉಸರ ತಗೋರಿ, ಸಾವಕಾಶ ತಗೋರಿ" ಎಂದರು. ಚಂದವ್ವ ಸೆರಗಿನಿಂದ ಅವಳ ಮುಖ ಒರೆಸಿದರು. ಆಮೇಲೆ ನಾವು ಎಲ್ಲರೂ ಆರಿದ ಚಹಾ ಕುಡಿದೆವು.

ಹೊರಡುವಾಗ ನಾನು ಕೇಳಿದೆ, ನಾನೊಂದು ಪತ್ರ ಬರೆದರೆ ನಿಮ್ಮ ಹೆಸರು ಹಾಕಬಹುದೇ ಎಂದು. ಅವರು ಹೆಂಡತಿಯ ಮುಖ ನೋಡಿದರು. ಈ ಸಲ ಚಂದವ್ವ ಬೇಡ ಎನ್ನಲಿಲ್ಲ. "ಹೆಸರ ಹಾಕ್ರಿ ಅಕ್ಕಾರ. ಹಳ್ಳಿ ಹೆಸರ ಬ್ಯಾಡ, ಅಲ್ಲಿ ಇವನ ಅವ್ವ ಹೆದರ್ತಾಳ" ಎಂದರು. ಆದ್ದರಿಂದ ಹಳ್ಳಿಯ ಹೆಸರು ಬರೆದಿಲ್ಲ.

ಮಾನಸಿ ಈಗ ಬದಲಾಪುರದ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋಗುತ್ತಾಳೆ. ಅಲ್ಲಿಯೂ ನಮ್ಮ ಕಡೆಯ ಕೂಲಿಯವರು ಬರುತ್ತಾರೆ. ಹೊಸ ಮಾತು ಏನಾದರೂ ಸಿಕ್ಕಿತೇ ಎಂದು ಮೊನ್ನೆ ಕೇಳಿದೆ. "ನಹೀ ಅಮ್ಮ. ಮೈ ಸಿರ್ಫ್ ಪೂಛ್ತೀ ಹೂಂ ದರ್ದ್ ಕಹಾಂ ಹೈ" ಎಂದಳು. ಎಲ್ಲಿ ನೋವು ಎಂದಷ್ಟೇ ಕೇಳುತ್ತೇನೆ. ಹೇಳಿದ್ದು ಹಿಂದಿಯಲ್ಲಿ. ಅವಳ ಕನ್ನಡ ಮರಳಿ ಬರುವುದೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಹಿಂದಕ್ಕೆ ಕೊಡಿ ಎಂದು ನಿಮ್ಮನ್ನು ಕೇಳುವುದಿಲ್ಲ. ಅದು ನಿಮ್ಮ ಕಚೇರಿಯಿಂದ ಬಂದದ್ದೂ ಅಲ್ಲ, ನಿಮ್ಮ ಅಧಿಕಾರಕ್ಕೆ ಒಳಪಟ್ಟದ್ದೂ ಅಲ್ಲ.

ನಿಮ್ಮ ಅಧಿಕಾರಕ್ಕೆ ಒಳಪಟ್ಟದ್ದನ್ನು ಕೇಳುತ್ತೇನೆ. ಆ ಟಿಪ್ಪಣಿಯನ್ನು ಹಿಂತೆಗೆದುಕೊಳ್ಳಿ. ಸಂಚಿಕೆ ತಲುಪಿದ ಎಲ್ಲರಿಗೂ ಒಂದು ತಿದ್ದುಪಡಿ ಕಳುಹಿಸಿ. ಅದರಲ್ಲಿ ಕೊನೆಯ ಸಾಲನ್ನು ಪೂರ್ತಿ ಅಚ್ಚು ಮಾಡಿ, ಕೆಳಗೆ ಓದಲು ಬರುವಂಥ ಅಕ್ಷರಗಳಲ್ಲಿ ಬರೆಯಿರಿ: ಇದು ನಡೆದದ್ದು, ಇದನ್ನು ಹೇಳಿದವರು ಸೈದಪ್ಪ. ಆಸ್ಪತ್ರೆಗೂ ಒಂದು ಪ್ರತಿ ಹೋಗಲಿ. ಆ ವಿಳಾಸ ನಿಮ್ಮಲ್ಲಿದೆ. ನನ್ನ ಮಗಳ ಹೆಸರಿಗೆ ಜಾಗ ಸಾಲದಿದ್ದರೆ ಅದನ್ನು ಬಿಟ್ಟುಬಿಡಿ, ನಾವು ಬೇಸರ ಮಾಡಿಕೊಳ್ಳುವುದಿಲ್ಲ. ಅವರ ಹೆಸರನ್ನು ಬಿಡಬೇಡಿ.

ಇಂತಿ,
ಮಗಳಿಗೆ ಕನ್ನಡ ಬಂತೆಂದು ಊರಿನ ನೆಂಟರಿಗೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದ್ದ
ಜಯಲತಾ
ವರ್ತಕ ನಗರ, ಠಾಣೆ